ತೋಳಕ್ಕೆ ಬೀಳುಭೂಮಿಯೇ ಬೀಡು

ಕಾಡುಪ್ರಾಣಿ ಎಂದೊಡನೆ ಮುಂಬಯಿಯಲ್ಲಿರುವ ನಮಗೆ ಬೊರಿವಲಿಯ ಅರಣ್ಯದ ಚಿರತೆ ನೆನಪಾಗುತ್ತದೆ. ತೋಳ ನೆನಪಾಗುವುದು ಮಕ್ಕಳಿಗೆ ‘ತೋಳ ಬಂತು ತೋಳ’ ಕಥೆ ಹೇಳುವಾಗ ಮಾತ್ರ. ಆದರೆ ತೋಳ ಬರಿಯ ಕಥೆಯ ಪ್ರಾಣಿಯಲ್ಲ. ಊರಿಗೆ ಹೋಗುವ ರೈಲು ಸೊಲ್ಲಾಪುರ ದಾಟಿದ ಮೇಲೆ ಕಾಣುವ ಒಣ ಬಯಲು, ಕುರುಚಲು ಗಿಡ, ಕುರಿಮಂದೆ, ಇವೇ ಅದರ ಸೀಮೆ.

ಈ ತೋಳಕ್ಕೂ ಮುಂಬಯಿಗೂ ಹಳೆಯ ನಂಟುಂಟು. ಮುಂಬಯಿ ಸರಕಾರಕ್ಕಾಗಿ ದಖನ್ನಿನ ಅಂಕಿ-ಅಂಶಗಳನ್ನು ಕಲೆಹಾಕಿದ ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, 1831ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ ‘ಪ್ಯಾಲಿಪೆಸ್’, ಎಂದರೆ ಮಾಸಲು ಪಾದದ್ದು, ಎಂದು ಹೆಸರಿಟ್ಟನು. ಇಂದು ಇದನ್ನು ಬೂದು ತೋಳದ ಒಂದು ಉಪಜಾತಿಯೆಂದು ಎಣಿಸುತ್ತಾರೆ. ಹಿಮದ ನಾಡಿನ ದಾಯಾದಿಗಳಿಗಿಂತ ಇದರ ಗಾತ್ರ ಸಣ್ಣದು, ಮೈಗೂದಲು ತೆಳು.

ಹೆಸರಿಟ್ಟ ಆಳ್ವಿಕೆಯೇ ಮುಂದೆ ಅದರ ತಲೆಗೆ ಬೆಲೆಯನ್ನೂ ಕಟ್ಟಿತು. 1871ರಿಂದ 1916ರವರೆಗೆ ಬ್ರಿಟಿಷ್ ಭಾರತದಲ್ಲಿ ಬಹುಮಾನಕ್ಕಾಗಿ ಒಂದು ಲಕ್ಷಕ್ಕೂ ಮಿಕ್ಕಿ ತೋಳಗಳನ್ನು ಕೊಂದರು. ಅಮೆರಿಕದಲ್ಲಿ ನಡೆದುದೂ ಇದೇ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ನಿರ್ಮೂಲ ಮಾಡಿ, 1995ರಲ್ಲಿ ಕೆನಡಾದಿಂದ ಮತ್ತೆ ತಂದು ಬಿಟ್ಟರು. ಈಗ ಯುರೋಪಿನ ಹಲವು ದೇಶಗಳಲ್ಲಿಯೂ ತೋಳದ ಸಂಖ್ಯೆ ಏರಿದೆ. ಇಡೀ ಜಗತ್ತಿನ ಲೆಕ್ಕದಲ್ಲಿ ಬೂದು ತೋಳಕ್ಕೆ ಅಪಾಯವಿಲ್ಲ.

ಆದರೆ ಈ ಒಟ್ಟು ಲೆಕ್ಕದಲ್ಲಿ ನಮ್ಮ ತೋಳದ ಪಾಡು ಮುಚ್ಚಿಹೋಗಿತ್ತು. 2025ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಭಾರತದ ತೋಳವನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಪರಿಶೀಲಿಸಿ, ಅಪಾಯಕ್ಕೀಡಾದವುಗಳ ಸಾಲಿಗೆ ಸೇರಿಸಿತು. ಭಾರತ ಮತ್ತು ಪಾಕಿಸ್ತಾನ ಎರಡರಲ್ಲೂ ಸೇರಿ ಉಳಿದಿರುವುದು ಸುಮಾರು 3,000. ನಮ್ಮ ದೇಶದ ಹುಲಿಗಳೇ 2022ರ ಎಣಿಕೆಯಲ್ಲಿ 3,682! ಹುಲಿಗಿಂತ ತೋಳ ಕಡಿಮೆಯೆಂದರೆ ಎಷ್ಟು ಮಂದಿ ನಂಬಿಯಾರು?

ಕಾನೂನಿನ ಕೊರತೆಯೇನೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಗಿರುವ ರಕ್ಷಣೆ ತೋಳಕ್ಕೂ ಇದೆ. 1974ರಲ್ಲಿ ಮೇಲುಕೋಟೆಯ ಸುತ್ತ ತೋಳಕ್ಕೆಂದೇ ವನ್ಯಧಾಮವಾಯಿತು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿಯೂ 332 ಎಕರೆಯ ತೋಳಧಾಮವಿದೆ. 2025ರಲ್ಲಿ ಅಲ್ಲಿ 8 ಮರಿಗಳು ಹುಟ್ಟಿದವು. (ನವಿಲುಧಾಮವಿರುವ ಬಂಕಾಪುರ ಬೇರೆ, ಅದು ಹಾವೇರಿ ಜಿಲ್ಲೆಯದು.)

ಹಾಗಾದರೆ ತೊಡಕೆಲ್ಲಿ? ತೋಳ ದಟ್ಟ ಅಡವಿಯ ಪ್ರಾಣಿಯಲ್ಲ. ಅದು ಇರುವುದು ಗೋಮಾಳದಲ್ಲಿ, ಗುಡ್ಡದ ಹುಲ್ಲಿನಲ್ಲಿ, ಹೊಲದ ಅಂಚಿನಲ್ಲಿ. ಸರಕಾರಿ ಕಾಗದದಲ್ಲಿ ಈ ಭೂಮಿಗೆ ‘ಬೀಳು’ ಎಂದು ಹೆಸರು. ಕಡತಗಳ ನಡುವೆಯೇ ದಿನ ಕಳೆಯುವ ನಮಗೆ ಗೊತ್ತು, ಕಾಗದದಲ್ಲಿ ಒಂದು ಶಬ್ದ ಕುಳಿತರೆ ಅದನ್ನು ಎಬ್ಬಿಸುವುದು ಎಷ್ಟು ಕಷ್ಟ! ಬೀಳೆಂದ ಮೇಲೆ ಅಲ್ಲಿ ಕಾರ್ಖಾನೆ ಬರಬಹುದು, ಗಾಳಿಯಂತ್ರ ಬರಬಹುದು, ನೀಲಗಿರಿ ನೆಡುತೋಪೂ ಬರಬಹುದು. ಹುಲ್ಲು ಹೋದರೆ ಕೃಷ್ಣಮೃಗ, ಮೊಲ ಹೋದವು. ಹಸಿದ ತೋಳ ಕುರಿಯನ್ನೇ ಹಿಡಿಯಬೇಕು. ಊರ ನಾಯಿಗಳಿಂದ ಹರಡುವ ರೋಗ ಬೇರೆ.

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಕುರಿ ಕಳೆದುಕೊಂಡ ಕುರುಬನ, ಧನಗರನ ಸಿಟ್ಟು ನ್ಯಾಯವಾದುದೇ. ಅವನಿಗೆ ತಕ್ಕ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಬೇಕು. ಆದರೂ ಅವನ ಕುರಿಗೆ ಬೇಕಾದ ಹುಲ್ಲೇ ತೋಳದ ಬೇಟೆಗೂ ಬೇಕು. ಗೋಮಾಳ ಹೋದರೆ ಕಳೆದುಕೊಳ್ಳುವವರು ಇಬ್ಬರೂ.

ನಮ್ಮಲ್ಲಿ ಅನೇಕರಿಗೆ ಊರಲ್ಲಿ ಇನ್ನೂ ಮನೆಯಿದೆ, ಹೊಲವಿದೆ, ಮಾತಿಗೆ ಬೆಲೆಯೂ ಇದೆ. ಊರ ಗೋಮಾಳ ಎಷ್ಟು ಉಳಿದಿದೆ, ಯಾರ ಹೆಸರಿಗೆ ಹೋಗುತ್ತಿದೆ ಎಂದು ಹಿರಿಯರನ್ನೊಮ್ಮೆ ವಿಚಾರಿಸೋಣ. ಬೀಳೆಂದು ಬರೆದ ನೆಲ ಬರಿದಾದ ನೆಲವಲ್ಲವೆಂದು ಮಕ್ಕಳಿಗೂ ತಿಳಿಸೋಣ.