ಆಟದ ಪ್ರಾಣಿಗಳು: ಸರ್ಕಸ್ಸು ಮತ್ತು ಕರಡಿ ಆಟ

ತರಬೇತಿ ಕೊಟ್ಟು, ದುಡ್ಡಿಗಾಗಿ ಜನರೆದುರು ಆಡಿಸುವ ಪ್ರಾಣಿಗಳು. ಸರ್ಕಸ್ ಡೇರೆ ಹಾಕುತ್ತಿದ್ದುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಯಲಬುರ್ಗಾ, ಕುಷ್ಟಗಿ ಕಡೆಯ ಬಯಲುಸೀಮೆಯ ಹಳ್ಳಿಗಳ ಓಣಿಗೆ ಬರುತ್ತಿದ್ದುದು ಕರಡಿ. ಉತ್ತರ ಕರ್ನಾಟಕದಲ್ಲಿ ಮಕ್ಕಳ ಅಂಜಿಕೆ ಬಿಡಿಸಲು ಕರಡಿಯ ಮೇಲೆ ಕೂರಿಸುವುದು, ಅದರ ಕೂದಲನ್ನು ತಾಯಿತಕ್ಕೆ ಕಟ್ಟುವುದು ರೂಢಿಯಲ್ಲಿತ್ತು. ಕರಡಿ ಆಡಿಸುವುದು ಕಲಂದರ್ ಸಮುದಾಯದ ಕುಲಕಸುಬಾಗಿತ್ತು.

ಈ ಆಟಕ್ಕೆ ಕಾಡಿನಿಂದ ಮರಿಗಳನ್ನೇ ಕದ್ದು ತರಬೇಕಿತ್ತು. ಎಷ್ಟೋ ಸಲ ತಾಯಿಯನ್ನು ಕೊಂದು. ಕಾದ ಕಬ್ಬಿಣದಿಂದ ಮೂತಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ನೋವಿಗೆ ಎದ್ದು ನಿಲ್ಲುವುದನ್ನೇ ನೋಡುವವರು ಕುಣಿತ ಎಂದುಕೊಂಡರು. ಗಂಗಾವತಿ, ಕನಕಗಿರಿ ಕಡೆಯ ಕಲ್ಲುಗುಡ್ಡಗಳಲ್ಲಿ ಇಂದಿಗೂ ಕರಡಿಗಳಿವೆ. ತುಂಗಭದ್ರೆಯ ಆಚೆ ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಘೋಷಣೆಯಾಯಿತು.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಕೇಂದ್ರ ಸರ್ಕಾರ 1998ರ ಅಕ್ಟೋಬರ್ 14ರಂದು ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ನಿಷೇಧಿಸಿತು. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದರು. ಕೇರಳ ಹೈಕೋರ್ಟ್ 2000ದಲ್ಲಿ, ಸುಪ್ರೀಂ ಕೋರ್ಟ್ 2001ರಲ್ಲಿ ನಿಷೇಧವನ್ನು ಎತ್ತಿಹಿಡಿದವು. ಡೇರೆಗಳಿಂದ ಬಿಡಿಸಿದ ಹುಲಿ, ಸಿಂಹಗಳನ್ನು ಇರಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಬನ್ನೇರುಘಟ್ಟವೂ ಒಂದು. ಸರ್ಕಸ್ಸಿನ ಸಿಂಹಗಳಲ್ಲಿ ಆಫ್ರಿಕಾ ಮತ್ತು ಏಷ್ಯಾ ತಳಿಗಳ ಬೆರಕೆ ಬಹಳವಿದ್ದುದರಿಂದ ಅವುಗಳ ಸಂತಾನ ಬೆಳೆಸಲಿಲ್ಲ.

ಬೀದಿಯ ಆಟವನ್ನು ಆದೇಶವೊಂದೇ ನಿಲ್ಲಿಸಲಿಲ್ಲ. 1972ರ ವನ್ಯಜೀವಿ ಕಾಯ್ದೆ ಇದ್ದರೂ ದಶಕಗಳ ಕಾಲ ಕರಡಿ ಕುಣಿಯುತ್ತಲೇ ಇತ್ತು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿ ಒಪ್ಪಿಸಿದ ಕಲಂದರ್ ಕುಟುಂಬಗಳಿಗೆ ಬೇರೆ ದುಡಿಮೆಗೆ ನೆರವು ನೀಡಿ, ಅವರ ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆಯೇ ಹಗ್ಗ ಕಳಚಿದ್ದು. ಹೊಟ್ಟೆಪಾಡಿನ ಪ್ರಶ್ನೆಯನ್ನು ಬದಿಗಿಟ್ಟು ಬರೀ ದಂಡದ ಬಲದಿಂದ ಇದು ಆಗುತ್ತಿರಲಿಲ್ಲ. ದೇಶಾದ್ಯಂತ ಬಿಡುಗಡೆಯಾದ ಕರಡಿಗಳು 600ಕ್ಕೂ ಹೆಚ್ಚು. ಕೊನೆಯದೆಂದು ದಾಖಲಾದ ‘ರಾಜು’ 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟ ಸೇರಿತು. ಕಾಡಿನಲ್ಲಿ ಬದುಕುವುದನ್ನು ಕಲಿಯದ, ಹಲ್ಲಿಲ್ಲದ ಇಂಥ ಕರಡಿಗಳನ್ನು ಮತ್ತೆ ಗುಡ್ಡಕ್ಕೆ ಬಿಡುವಂತಿಲ್ಲ. ಕೊನೆತನಕ ಆರೈಕೆಯಲ್ಲೇ ಇರಬೇಕು.

2011ರಲ್ಲಿ ನಿಷೇಧದ ಪಟ್ಟಿಗೆ ಗೂಳಿಯೂ ಸೇರಿತು. ಕಂಬಳಕ್ಕೆ ಅಡ್ಡಿಯಾಗದಂತೆ ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ನಾಯಿಯ ಕಥೆ ಮಾತ್ರ ವಿಚಿತ್ರ: 1991ರ ಮೊದಲ ಪಟ್ಟಿಯಲ್ಲಿದ್ದ ಅದನ್ನು 1998ರಲ್ಲಿ ಕೈಬಿಟ್ಟು, ಅದರ ಜಾಗಕ್ಕೆ ಸಿಂಹವನ್ನು ಸೇರಿಸಲಾಯಿತು. ಪಟ್ಟಿಯಲ್ಲಿಲ್ಲದ ಪ್ರಾಣಿಗಳನ್ನು ಆಡಿಸಲು 2001ರ ನಿಯಮಗಳಂತೆ ನೋಂದಣಿ ಕಡ್ಡಾಯ.