ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನುಗಳು

ರಜೆಯ ದಿನ ಬೆಳ್ಳಂಬೆಳಿಗ್ಗೆ ಫೋನ್ ಬಂತೆಂದರೆ ಹೆಚ್ಚಾಗಿ ಇದೇ ಪ್ರಶ್ನೆ. "ಮಾರಾಯ, ಕಾರಿನಲ್ಲಿ ಎಂಜಿನ್ ಲೈಟ್ ಬಂದಿದೆ. ಮನೆಯಲ್ಲೇ ನೋಡ್ಲಿಕ್ಕೆ ಒಂದು ಸ್ಕ್ಯಾನರ್ ತಗೊಳ್ಬೇಕು ಅಂತಿದ್ದೇನೆ. ಯಾವುದು ಒಳ್ಳೇದು?" ನಾನೇನೂ ಮೆಕ್ಯಾನಿಕ್ ಅಲ್ಲ, ಅಬುಧಾಬಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವ. ಆದರೂ ಜನ ನನ್ನನ್ನು ಕೇಳುತ್ತಾರೆ, ಯಾಕೆಂದರೆ ಈ ವಿಷಯದಲ್ಲಿ ಒಮ್ಮೆ ಚೆನ್ನಾಗಿ ಕೈ ಸುಟ್ಟುಕೊಂಡವನು ನಾನು ಅಂತ ಎಲ್ಲರಿಗೂ ಗೊತ್ತು!

2007ರ ಮಾತು. ಆಗ ಕೆಲಸ ದುಬೈಯಲ್ಲಿ, ವಾಸ ಶಾರ್ಜಾದಲ್ಲಿ. ಹಾಗೂ ಹೀಗೂ ಲೈಸೆನ್ಸ್ ಸಿಕ್ಕಿದ ಮೇಲೆ ಶಾರ್ಜಾದ ಒಂದು ಹಳೇ ಕಾರಿನ ಅಂಗಡಿಯಿಂದ ಅಮೆರಿಕದಿಂದ ಬಂದಿದ್ದ 2001ರ ಮಾಡೆಲ್ ಕಾರು ಕೊಂಡೆ. ಕೊಳ್ಳುವಾಗ ಒಂದೇ ಒಂದು ಲೈಟ್ ಇರಲಿಲ್ಲ. ನಾಲ್ಕನೆಯ ದಿನ ಹಳದಿ ದೀಪ ಹತ್ತಿತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾಸರಗೋಡಿನ ಮೆಕ್ಯಾನಿಕ್ ಒಬ್ಬರಿದ್ದರು, ಅವರನ್ನು ಅಣ್ಣ ಅಂತಲೇ ಕರೀತಿದ್ದೆ. ಸ್ಟೀರಿಂಗ್ ಕೆಳಗೆ ಬಗ್ಗಿ ಏನೋ ಒಂದು ಡಬ್ಬಿ ಸಿಕ್ಕಿಸಿದರು. ಪಿ0420 ಅಂತ ಬಂತು. "ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ. ಇದು ಹೊಸ ಕಾಯಿಲೆ ಅಲ್ಲ, ಕೋಡ್ ಅಳಿಸಿ ನಿನಗೆ ದಾಟಿಸಿದ್ದಾರೆ" ಅಂದರು. ಎರಡು ತಿಂಗಳ ಉಳಿತಾಯ ಅಲ್ಲಿಗೆ ಮಾಯ. ಊರಿಗೆ ಕಳಿಸಬೇಕಿದ್ದ ದುಡ್ಡು ಹೊಗೆ ಕೊಳವೆಗೆ ಹೋಯಿತು.

ಆ ಡಬ್ಬಿ ಏನು, ಅದು ಹೇಳಿದ್ದೇನು, ಹೇಳದೇ ಬಿಟ್ಟಿದ್ದೇನು ಅಂತ ಆಮೇಲೆ ಓದತೊಡಗಿದೆ. ಓದಿದ ಮೇಲೆ ಅನ್ನಿಸಿದ್ದು ಇಷ್ಟು: ಯಾವ ಸ್ಕ್ಯಾನರ್ ಕೊಳ್ಳಬೇಕು ಅನ್ನುವ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಲ್ಲ, ಇತಿಹಾಸದಲ್ಲಿದೆ.

ಕತೆ ಶುರುವಾಗುವುದು ಲಾಸ್ ಏಂಜಲೀಸ್‌ನಲ್ಲಿ. 1943ರ ಜುಲೈಯಲ್ಲಿ ಒಂದು ದಿನ ಊರಿಗೆ ಊರೇ ಕಂದು ಹೊಗೆಯಲ್ಲಿ ಮುಳುಗಿತು, ಜನರ ಕಣ್ಣು ಉರಿಯಿತು. ಯುದ್ಧಕಾಲ, ಜಪಾನೀಯರು ವಿಷಾನಿಲ ಬಿಟ್ಟರೇನೋ ಅಂತ ಕೆಲವರು ಹೆದರಿದರು. ಆಮೇಲೆ ಕಾರ್ಖಾನೆಗಳ ಮೇಲೆ ಗುಮಾನಿ. ನಿಜವಾದ ಕಳ್ಳನನ್ನು ಹಿಡಿದವರು ಕ್ಯಾಲ್‌ಟೆಕ್‌ನ ಆರೀ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನ ವಿಜ್ಞಾನಿ. ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ಮಾಡಿದ್ದ ಮನುಷ್ಯ! ಕಾರಿನ ಹೊಗೆಯಲ್ಲಿರುವ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಸಿಕ್ಕಿ ಈ ಮಬ್ಬು ಹುಟ್ಟುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. 1967ರಲ್ಲಿ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್ ಹುಟ್ಟಿತು, ಅದರ ಮೊದಲ ಅಧ್ಯಕ್ಷರೂ ಇವರೇ. 1970ರಲ್ಲಿ ಇಡೀ ಅಮೆರಿಕಕ್ಕೆ ಕ್ಲೀನ್ ಏರ್ ಆಕ್ಟ್ ಬಂತು.

ಹೊಗೆ ಕಡಿಮೆ ಮಾಡಬೇಕಾದರೆ ಪೆಟ್ರೋಲು ಗಾಳಿಯ ಲೆಕ್ಕ ಕರಾರುವಾಕ್ಕಾಗಿ ಇರಬೇಕು, ಅದು ಕಾರ್ಬೊರೇಟರ್ ಕೈಲಿ ಆಗುವ ಕೆಲಸವಲ್ಲ. ಹೀಗೆ ಕಾರಿನೊಳಗೆ ಕಂಪ್ಯೂಟರ್ ಬಂತು. 1981ರ ಹೊತ್ತಿಗೆ ಜನರಲ್ ಮೋಟಾರ್ಸ್ ಕಾರುಗಳು ತಮ್ಮ ತಪ್ಪನ್ನು ತಾವೇ ನೆನಪಿಟ್ಟುಕೊಳ್ಳತೊಡಗಿದವು. ಎರಡು ಪಿನ್ನುಗಳನ್ನು ತಂತಿಯಿಂದ ಸೇರಿಸಿದರೆ ಎಂಜಿನ್ ದೀಪ ಮಿನುಗುತ್ತಿತ್ತು, ಮಿನುಗು ಎಣಿಸಿದರೆ ಕೋಡ್ ಸಿಗುತ್ತಿತ್ತು. ತೊಂಬತ್ತರ ದಶಕದ ಟೊಯೋಟಾಗಳಲ್ಲೂ ಹೀಗೇ ಇತ್ತು. ಅಣ್ಣನ ಹತ್ತಿರ ಅದಕ್ಕೆಂದೇ ಒಂದು ಪೇಪರ್ ಕ್ಲಿಪ್ ಇತ್ತು. ಅದೇ ಅವರ ಮೊದಲ ಸ್ಕ್ಯಾನರ್!

ಆದರೆ ಪ್ರತಿ ಕಂಪನಿಯದೂ ಬೇರೆ ಭಾಷೆ, ಬೇರೆ ಸಾಕೆಟ್. 1988ರ ಮಾಡೆಲ್‌ನಿಂದ ಕ್ಯಾಲಿಫೋರ್ನಿಯಾ ಓಬಿಡಿ ಅನ್ನುವ ವ್ಯವಸ್ಥೆ ಕಡ್ಡಾಯ ಮಾಡಿದರೂ ಈ ಗೊಂದಲ ತೀರಲಿಲ್ಲ. ತೀರಿದ್ದು ಓಬಿಡಿ-2 ಬಂದಾಗ: 1996ರ ಮಾಡೆಲ್‌ನಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಲ್ಲೂ ಹದಿನಾರು ಪಿನ್ನಿನ ಒಂದೇ ಆಕಾರದ ಸಾಕೆಟ್, ಒಂದೇ ರೀತಿಯ ಕೋಡ್. ಯೂರೋಪು ಪೆಟ್ರೋಲ್ ಕಾರುಗಳಿಗೆ 2001ರಲ್ಲಿ, ಡೀಸೆಲ್‌ಗೆ 2004ರಲ್ಲಿ ಇದನ್ನೇ ತಂದಿತು. ಭಾರತದಲ್ಲಿ 2013ರ ಏಪ್ರಿಲ್‌ನಿಂದ. ಆ ಸಾಕೆಟ್‌ನ 6 ಮತ್ತು 14ನೇ ಪಿನ್ನುಗಳಲ್ಲಿ ಇವತ್ತು ಓಡುವ ಕ್ಯಾನ್ ಎಂಬ ಸಂಪರ್ಕ ವ್ಯವಸ್ಥೆಯನ್ನು 1986ರಲ್ಲಿ ಹೊರತಂದದ್ದು ಜರ್ಮನಿಯ ಬಾಷ್. ಹೌದು, ನಮ್ಮ ಆಡುಗೋಡಿಯ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತಲ್ಲ, ಅದೇ ಬಾಷ್.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಆ ಕಾನೂನು ಬಂದದ್ದು ಹೊಗೆಗಾಗಿ. ನಿಮ್ಮ ಬ್ರೇಕಿಗಾಗಿ ಅಲ್ಲ, ಏರ್‌ಬ್ಯಾಗಿಗಾಗಿ ಅಲ್ಲ. ಹೊಗೆಗೆ ಸಂಬಂಧಪಟ್ಟ ಮಾಹಿತಿಯನ್ನು ಮಾತ್ರ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು ಅಂತ ಕಂಪನಿಗಳ ಮೇಲೆ ಒತ್ತಾಯ ಬಂತು. ಎಬಿಎಸ್, ಏರ್‌ಬ್ಯಾಗ್ ಇತ್ಯಾದಿಗಳ ಭಾಷೆ ಕಂಪನಿಯ ಸ್ವಂತದ್ದಾಗಿಯೇ ಉಳಿಯಿತು. ಅಗ್ಗದ ಸ್ಕ್ಯಾನರ್ ಅಗ್ಗವಾಗಿರುವುದು, ದುಬಾರಿಯದು ದುಬಾರಿಯಾಗಿರುವುದು ಇದೇ ಕಾರಣಕ್ಕೆ.

ಈಗ ಕೊಳ್ಳುವ ವಿಷಯಕ್ಕೆ ಬರೋಣ. ಹೆಬ್ಬೆರಳು ಗಾತ್ರದ ಬ್ಲೂಟೂತ್ ಡಾಂಗಲ್‌ಗಳು ಐವತ್ತು ದಿರ್ಹಮಿನ ಒಳಗೇ ಸಿಗುತ್ತವೆ. ಇವುಗಳ ಮೂಲ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 2005ರಲ್ಲಿ ತಂದ ಇಎಲ್ಎಂ327 ಎಂಬ ಚಿಪ್. ಮೊದಲ ಆವೃತ್ತಿಗೆ ಬೀಗ ಹಾಕಿರಲಿಲ್ಲ, ಯಾರೋ ನಕಲು ಮಾಡಿದರು, ಆಮೇಲೆ ನಕಲಿನ ನಕಲು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಇನ್ನೂ ಬದುಕಿವೆ! ಎಂಜಿನ್ ಕೋಡ್ ಓದಲು ಇವು ಸಾಕು. ಐಫೋನ್ ಇದ್ದವರು ಮಾತ್ರ ವೈಫೈ ಅಥವಾ ಬ್ಲೂಟೂತ್ ಎಲ್ಇ ಇರುವುದನ್ನು ಕೇಳಿ ತಗೊಳ್ಳಿ. ಜುಲೈಯಲ್ಲಿ ಊರಿಗೆ ಹೋಗುವಾಗ ಮರೆಯದೆ ಕಿತ್ತಿಡಿ. ಇಲ್ಲಿನ ಸೆಖೆಗೆ ಬ್ಯಾಟರಿ ಮೊದಲೇ ಅರೆಜೀವ, ಇದೂ ಸೇರಿ ಹೀರಿದರೆ ವಾಪಸ್ ಬಂದಾಗ ಕಾರು ಏಳುವುದಿಲ್ಲ.

ಹಳೇ ಕಾರು ಕೊಳ್ಳುವವರು 'ರೆಡಿನೆಸ್' ತೋರಿಸುವುದನ್ನೇ ಆರಿಸಿಕೊಳ್ಳಿ. ಕೋಡ್ ಅಳಿಸಿದ ಕೂಡಲೇ ಕಾರಿನ ಸ್ವಯಂ ಪರೀಕ್ಷೆಗಳೂ ಅಳಿಸಿ ಹೋಗಿ 'ಅಪೂರ್ಣ' ಅಂತ ತೋರಿಸುತ್ತವೆ, ಪೂರ್ಣವಾಗಲು ಕೆಲವು ದಿನ ಓಡಿಸಬೇಕು. 2007ರಲ್ಲಿ ನನಗಿದು ಗೊತ್ತಿದ್ದಿದ್ದರೆ! ಇನ್ನೊಂದು ಮಾತು: ಆಗ ಗಲ್ಫ್ ದೇಶಗಳಿಗೆಂದೇ ತಯಾರಾದ ಜಿಸಿಸಿ ಕಾರುಗಳು ಅಮೆರಿಕದ ಆ ಕಾನೂನಿನ ವ್ಯಾಪ್ತಿಗೆ ಬರುತ್ತಿರಲಿಲ್ಲ. ಹಳೆಯವುಗಳಲ್ಲಿ ಸಾಕೆಟ್ ಅದೇ ಇದ್ದರೂ ಅಗ್ಗದ ಸ್ಕ್ಯಾನರಿಗೆ ಅವು ಮಾತಾಡದಿರಬಹುದು. ಸ್ಕ್ಯಾನರ್ ಹಾಳಾಗಿದೆ ಅಂತ ಬೈಯಬೇಡಿ.

ಕೋಡ್ ಅಂದ್ರೆ ತೀರ್ಪಲ್ಲ, ಸಾಕ್ಷಿ ಅಷ್ಟೇ. ಪಿ0171 ಬಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಅಂತ ಅರ್ಥ. ಹರಿದ ರಬ್ಬರ್ ಪೈಪೋ, ಕೊಳೆಯಾದ ಸೆನ್ಸರೋ, ಸೋತ ಪಂಪೋ ಅಂತ ನೀವೇ ಹುಡುಕಬೇಕು. ಸಾಕ್ಷಿ ಸುಳ್ಳೂ ಹೇಳಬಹುದು. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣ ನೆನಪಿದೆಯಲ್ಲ? ಪರೀಕ್ಷೆ ನಡೆಯುತ್ತಿದೆ ಅಂತ ಗೊತ್ತಾದಾಗ ಮಾತ್ರ ಸಭ್ಯವಾಗುವ ಸುಮಾರು 1.1 ಕೋಟಿ ಡೀಸೆಲ್ ಕಾರುಗಳು. ಹೊಗೆ ಹಿಡಿಯಲೆಂದೇ ಹುಟ್ಟಿದ ವ್ಯವಸ್ಥೆಯೂ ಅಲ್ಲಿ ಎಲ್ಲ ಸರಿ ಇದೆ ಅಂತಲೇ ಹೇಳುತ್ತಿತ್ತು.

ಕಳೆದ ಚಳಿಗಾಲದಲ್ಲಿ ಪುತ್ತೂರಿನ ಹುಡುಗನೊಬ್ಬ ಬಂದ. ಊರಿಂದ ಹೆಂಡತಿ, ಎರಡು ವರ್ಷದ ಮಗು ಬರುವವರಿದ್ದರು. ಅಮೆರಿಕದಿಂದ ಬಂದ ದೊಡ್ಡ ಕಾರು, ಬೆಲೆ ನೋಡಿದರೆ ಬಾಯಲ್ಲಿ ನೀರೂರುವಂಥದ್ದು. ಡಾಂಗಲ್ ಹಾಕಿದೆ. ಒಂದೂ ಕೋಡ್ ಇಲ್ಲ, ರೆಡಿನೆಸ್ ಎಲ್ಲ ಪೂರ್ಣ. ಹುಡುಗನ ಮುಖ ಅರಳಿತು. "ಅಣ್ಣಾ, ಟೋಕನ್ ಕೊಡ್ಲಾ?" ಅಂದ. ತಡಿ ಅಂದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು, ಇದರಲ್ಲಿ ಹತ್ತಲೇ ಇಲ್ಲ. ಏರ್‌ಬ್ಯಾಗ್ ಓದುವ ನನ್ನ ಎರಡನೇ ಸ್ಕ್ಯಾನರ್ ಸಿಕ್ಕಿಸಿದೆ, ಅದಕ್ಕೆ ಕೆಲವು ನೂರು ದಿರ್ಹಮ್ ಕೊಟ್ಟಾಗ ಮನೆಯಲ್ಲಿ ಬೈಸಿಕೊಂಡಿದ್ದೆ. ಅಪಘಾತದ ದಾಖಲೆ ಉಳಿದಿತ್ತು, ಪಕ್ಕದ ಸೀಟಿನ ಏರ್‌ಬ್ಯಾಗಿನ ಸರ್ಕ್ಯೂಟ್ ಖಾಲಿ. ಹೊರಗೆ ಡ್ಯಾಶ್‌ಬೋರ್ಡ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಆ ಸೀಟಿನಲ್ಲಿ ಕೂರಬೇಕಾಗಿದ್ದವಳು ಅವನ ಹೆಂಡತಿ.

ಹುಡುಗ ಏನೂ ಮಾತಾಡಲಿಲ್ಲ. ಮುಂದಿನ ವಾರ ಒಂದು ಸಣ್ಣ, ಹಳೆಯ ಜಿಸಿಸಿ ಕಾರು ಕೊಂಡ.

ಹಾಗಾಗಿ ಗೆಳೆಯರೇ, ಯಾವ ಸ್ಕ್ಯಾನರ್ ಅಂತ ಕೇಳುವ ಮೊದಲು ಕಾರಿಗೆ ನೀವು ಕೇಳಬೇಕಾದ ಪ್ರಶ್ನೆ ಯಾವುದು ಅಂತ ಯೋಚನೆ ಮಾಡಿ. ಹೊಗೆಯ ಪ್ರಶ್ನೆಯಾದರೆ ಐವತ್ತು ದಿರ್ಹಮ್ ಸಾಕು. ಜೀವದ ಪ್ರಶ್ನೆಯಾದರೆ ಸ್ವಲ್ಪ ಜಾಸ್ತಿ ಖರ್ಚು ಮಾಡಿ. ಆಮೇಲೂ ಕೀ ತಿರುಗಿಸಿ ದೀಪಗಳನ್ನು ಒಮ್ಮೆ ಕಣ್ಣಾರೆ ನೋಡಿ.