ವಚನರಚನೆಯೂ ಶಿವಶರಣೆಯರ ಆತ್ಮಪ್ರತ್ಯಯವೂ

ಕನ್ನಡನಾಡಿನ ಪ್ರಾಚೀನ ಶಾಸನಗಳನ್ನು ಓದುವವರಿಗೆ ಅರಸರ, ದಂಡನಾಯಕರ, ದತ್ತಿಬಿಟ್ಟ ಸೆಟ್ಟಿಗಳ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದವರ ಮನೆಯ ಹೆಣ್ಣುಮಗಳ ಹೆಸರಾಗಲಿ, ರಾಟೆಯನ್ನು ತಿರುಗಿಸಿ ನೂಲು ತೆಗೆದವಳ ಹೆಸರಾಗಲಿ ಅಲ್ಲಿ ದೊರೆಯುವುದು ಅಪೂರ್ವವೇ ಸರಿ. ಆದರೆ 12ನೆಯ ಶತಮಾನದ ಕಲ್ಯಾಣದಲ್ಲಿ ಇಂಥವರೂ ಹೆಸರುಳ್ಳವರಾದರು. ಆ ಹೆಸರು ಅವರಿಗೆ ಬಂದುದು ಕುಲದಿಂದಲ್ಲ, ಐಶ್ವರ್ಯದಿಂದಲ್ಲ. ತಾವು ನುಡಿದ ನುಡಿಯಿಂದ. ವಚನಗಳ ಸಾಹಿತ್ಯಗುಣವನ್ನೂ ತತ್ತ್ವವನ್ನೂ ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ವಚನವನ್ನು ರಚಿಸಿ ಹತ್ತು ಜನರ ಮುಂದಿಟ್ಟುದರಿಂದ ರಚಿಸಿದವರಿಗೇ ಆದ ಲಾಭವೇನೆಂಬುದನ್ನು ವಿಚಾರಿಸಿದವರು ಅಷ್ಟು ಮಂದಿ ಇಲ್ಲ. ಆ ಲಾಭವು ಶಿವಶರಣೆಯರ ಚರಿತ್ರೆಯಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುವುದೋ ಬೇರೆಲ್ಲಿಯೂ ಅಷ್ಟು ಸ್ಪಷ್ಟವಾಗಿ ಕಾಣದು.

ಅದಕ್ಕೂ ಹಿಂದಿನ ಕನ್ನಡ ಕಾವ್ಯದ ರೀತಿಯನ್ನು ಒಮ್ಮೆ ನೆನೆಯುವುದು ಇಲ್ಲಿ ಅವಶ್ಯ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ತನ್ನ ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡನು. ರನ್ನನು ತನ್ನ ಭೀಮನಲ್ಲಿ ಸತ್ಯಾಶ್ರಯನನ್ನು ಕಂಡನು. ಅವರು ಮಹಾಕವಿಗಳೆಂಬುದರಲ್ಲಿ ಸಂಶಯವಿಲ್ಲ. ಆದರೂ ಕಾವ್ಯದ ಮೇಲೆ ಆಶ್ರಯದಾತನ ಮುದ್ರೆ ಬೀಳದೆ ಇರುತ್ತಿರಲಿಲ್ಲ. ಚಂಪುವನ್ನು ಕಟ್ಟುವುದಕ್ಕೆ ಸಂಸ್ಕೃತ ಛಂದಸ್ಸು, ಅಲಂಕಾರ, ಕೋಶ ಇವೆಲ್ಲವೂ ಬೇಕಾಗಿದ್ದುವು. ಇವುಗಳನ್ನು ಕಲಿಯುವ ಅನುಕೂಲವು ದುಡಿದುಣ್ಣುವವರಿಗೆ ಇರಲಿಲ್ಲ, ಹೆಂಗಸರಿಗಂತೂ ಬಹಳ ವಿರಳ. ವಚನವು ಈ ಎರಡು ಕಟ್ಟುಗಳನ್ನೂ ಬಿಡಿಸಿತು. ಅದಕ್ಕೆ ಗಣನಿಯಮವಿಲ್ಲ, ಪ್ರಾಸದ ಬಲಾತ್ಕಾರವಿಲ್ಲ. ಮನೆಯಲ್ಲಿ ಆಡುವ ಮಾತೇ ಅದರ ಸಾಮಗ್ರಿ. ಅರಸನ ಮುದ್ರೆ ಇದ್ದ ಸ್ಥಾನಕ್ಕೆ ನುಡಿದವರ ಇಷ್ಟದೈವದ ಹೆಸರು ಬಂದಿತು. ಇದನ್ನೇ ಅಂಕಿತವೆಂದು ಕರೆಯುವರು.

ಅಂಕಿತವನ್ನು ಕೇವಲ ಗುರುತಿನ ಚೀಟಿಯೆಂದು ಎಣಿಸುವುದು ಸರಿಯಲ್ಲ. ಬಸವಣ್ಣನವರು ಕೂಡಲಸಂಗಮದೇವನನ್ನೂ, ಪ್ರಭುದೇವರು ಗುಹೇಶ್ವರನನ್ನೂ, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನೂ ಕರೆದರೆಂಬುದು ಎಲ್ಲರೂ ಬಲ್ಲ ಸಂಗತಿ. ಅಂಬಿಗರ ಚೌಡಯ್ಯನವರಾದರೋ ದೋಣಿ ನಡೆಸುವ ಕಾಯಕವನ್ನೂ ತಮ್ಮ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತವನ್ನಾಗಿ ಮಾಡಿಕೊಂಡರು. ಜನರು ಯಾವ ಕಾಯಕವನ್ನು ಕೀಳೆಂದು ತಿಳಿದಿದ್ದರೋ ಅದರ ಹೆಸರು ಹೀಗೆ ವಚನದ ಕೊನೆಯಲ್ಲಿ ದೇವರ ಹೆಸರಿರತಕ್ಕ ಸ್ಥಳದಲ್ಲಿ ಬಂದು ನಿಂತಿತು. ಕದಿರ ರೆಮ್ಮವ್ವೆಯವರು ತಾವು ತಿರುಗಿಸುವ ರಾಟೆಯ ಒಂದೊಂದು ಅಂಗದಲ್ಲಿಯೂ ತ್ರಿಮೂರ್ತಿಗಳನ್ನು ಕಂಡು, ಆ ರಾಟೆಯ ಕುಲವಾವುದೆಂದು ಕೇಳುವವರಿಗೆ ಉತ್ತರವಿತ್ತರು. ದಿನದಿನವೂ ಕೈಯಿಂದ ಮುಟ್ಟುವ ಸಾಧನವನ್ನು ಹೀಗೆ ನೋಡಬಲ್ಲವಳು ತನ್ನ ಬಾಳನ್ನು ಹೀನವೆಂದು ಹೇಗೆ ತಾನೆ ಎಣಿಸಿಯಾಳು!

ಇವೆಲ್ಲಕ್ಕಿಂತ ಆಶ್ಚರ್ಯಕರವಾದುದು ಸೂಳೆ ಸಂಕವ್ವೆಯವರ ಅಂಕಿತ. ಲೋಕವು ಅವರ ಹೆಸರಿಗೇ ಅವರ ವೃತ್ತಿಯನ್ನು ಅಂಟಿಸಿತ್ತು. ಅವರು ತಮ್ಮ ದೈವವನ್ನು ನಿರ್ಲಜ್ಜೇಶ್ವರನೆಂದು ಕರೆದರು. ತಮ್ಮನ್ನು ಹಳಿಯಲು ಇತರರು ಬಳಸುವ ಮಾತನ್ನೇ ತೆಗೆದುಕೊಂಡು ದೇವರ ಮುಡಿಗೆ ಏರಿಸಿದ ಈ ಧೈರ್ಯವು ಸಾಮಾನ್ಯವಾದುದಲ್ಲ. ಅವರದೆಂದು ನಮಗೆ ಉಳಿದಿರುವುದು ಒಂದೇ ಒಂದು ವಚನ. ಅದರಲ್ಲಿಯೂ ಅವರು ತಮ್ಮ ಪೂರ್ವವೃತ್ತಿಯನ್ನು ಮುಚ್ಚಿಡಲಿಲ್ಲ. ಒಬ್ಬನಿಂದ ಒತ್ತೆಯನ್ನು ಹಿಡಿದ ಮೇಲೆ ಮತ್ತೊಬ್ಬನಿಂದ ಹಿಡಿಯಬಾರದೆಂಬ ಆ ವೃತ್ತಿಯ ಕಟ್ಟಳೆಯನ್ನೇ ವ್ರತನಿಷ್ಠೆಗೆ ಉಪಮಾನವನ್ನಾಗಿ ಮಾಡಿದರು. ಗ್ರಂಥಗಳನ್ನು ಓದಿದವರಿಗೆ ಈ ಉಪಮಾನವು ಹೊಳೆಯಲಾರದು, ಹೊಳೆದರೂ ಅದನ್ನು ಆಡುವ ಅಧಿಕಾರವು ಅವರಿಗೆ ಬರಲಾರದು.

ಕೆಲವು ಶರಣೆಯರ ಅಂಕಿತಗಳಲ್ಲಿ ಪತಿಯ ಹೆಸರೂ ಸೇರಿರುವುದು ನಿಜ. ಆಯ್ದಕ್ಕಿ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’. ಇದನ್ನು ಕಂಡು ಈ ಶರಣೆಯರಿಗೆ ಸ್ವತಂತ್ರವಾದ ವಾಣಿ ಇರಲಿಲ್ಲವೆಂದು ಯಾರಾದರೂ ಹೇಳಹೊರಟರೆ, ಅವರು ಅಂಕಿತವನ್ನು ಮಾತ್ರ ಓದಿ ವಚನವನ್ನು ಓದಿಲ್ಲವೆಂದೇ ಹೇಳಬೇಕಾಗುವುದು. ಏಕೆಂದರೆ ಲಕ್ಕಮ್ಮನವರ ವಚನಗಳಲ್ಲಿ ಹಲವು ಆ ಮಾರಯ್ಯನವರನ್ನೇ ತಿದ್ದುವುದಕ್ಕಾಗಿ ಹುಟ್ಟಿದವುಗಳು.

ಆ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸಿದೆ. ಈ ದಂಪತಿಗಳು ಅಮರೇಶ್ವರ ಕ್ಷೇತ್ರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹವನ್ನು ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮಗ್ನರಾಗಿ ಹೊತ್ತು ಹೋದುದನ್ನು ಅರಿಯಲಿಲ್ಲ. ಕಾಯಕವು ನಿಂತಿತೆಂದು ನೆನಪು ಮಾಡಿಕೊಟ್ಟವರು ಲಕ್ಕಮ್ಮನವರು. ಮಾರಯ್ಯನವರು ಅವಸರದಿಂದ ಹೋಗಿ, ಎಂದಿಗಿಂತಲೂ ಹೆಚ್ಚಾಗಿ ಅಕ್ಕಿಯನ್ನು ತಂದರು. ಬಡವರ ಮನೆಗೆ ಒಂದು ದಿನ ಹೆಚ್ಚು ಅಕ್ಕಿ ಬಂದರೆ ಗೃಹಿಣಿಯು ಸಂತೋಷಪಡುವುದು ಲೋಕದ ಸಹಜ ರೀತಿ. ಲಕ್ಕಮ್ಮನವರು ಹಾಗೆ ಸಂತೋಷಪಡಲಿಲ್ಲ. ಆ ಮಿಕ್ಕ ಅಕ್ಕಿಯಲ್ಲಿ ಅವರು ಆಶೆಯ ಮೊಳಕೆಯನ್ನು ಕಂಡರು. ಅದು ತಮಗೆ ಸಲ್ಲದೆಂದೂ, ತಂದಲ್ಲಿಯೇ ಸುರಿದು ಬರಬೇಕೆಂದೂ ಪತಿಗೆ ಹೇಳಿ ಕಳುಹಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಅನಂತರದ ಸಂಭಾಷಣೆಯಲ್ಲಿ ಪತಿಯು ಪ್ರಶ್ನಿಸುವ ಶಿಷ್ಯನಂತೆಯೂ ಪತ್ನಿಯು ಬೋಧಿಸುವ ಗುರುವಿನಂತೆಯೂ ಕಾಣಿಸಿಕೊಳ್ಳುತ್ತಾರೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಲಕ್ಕಮ್ಮನವರಿಗೆ ಈ ವಿವೇಕವು ಮೊದಲೇ ಸಿದ್ಧವಾಗಿದ್ದು, ವಚನವು ಅದನ್ನು ತೋರಿಸುವ ಪಾತ್ರೆ ಮಾತ್ರವಾಗಿತ್ತೆಂದು ತೋರುವುದಿಲ್ಲ. ಅಕ್ಕಿ ಬಂದಿತು, ಮನಸ್ಸಿಗೆ ಇದು ಸರಿಯಲ್ಲವೆಂದು ತೋರಿತು. ಏಕೆ ಸರಿಯಲ್ಲವೆಂಬುದನ್ನು ನುಡಿಗೆ ತರಬೇಕಾಯಿತು. ನುಡಿಗೆ ತರುವಾಗ ಕಾಯಕವೆಂದರೇನು, ಬಡತನವೆಂದರೇನು, ದಾಸೋಹಕ್ಕೆ ಎಷ್ಟು ಸಾಕು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬಂದುವು. ಬಡತನವು ಕೈಯಲ್ಲಿದ್ದರೂ ಮನಸ್ಸಿನಲ್ಲಿ ಇರಬೇಕಾಗಿಲ್ಲವೆಂಬ ಅರಿವು ಅವರಿಗೆ ಈ ದಾರಿಯಿಂದ ದೃಢವಾಯಿತು. ಲಕ್ಕಮ್ಮನವರ ದೊರೆತ ವಚನಗಳು ಸುಮಾರು 25 ಮಾತ್ರ. ಆದರೆ ಕಾಯಕತತ್ತ್ವವನ್ನು ವಿವರಿಸುವವರು ಯಾರೂ ಅವುಗಳನ್ನು ಬಿಟ್ಟು ಮುಂದೆ ಹೋಗಲಾರರು.

ವಚನವನ್ನು ಏಕಾಂತದಲ್ಲಿ ನುಡಿದು ಸುಮ್ಮನಿರುವ ಪದ್ಧತಿ ಶರಣರದಾಗಿರಲಿಲ್ಲ. ಅದನ್ನು ಗೋಷ್ಠಿಯಲ್ಲಿ ಇಡಬೇಕಾಗಿತ್ತು. ಕೇಳಿದವರು ಒಪ್ಪಬಹುದಾಗಿತ್ತು, ಅಲ್ಲಗಳೆಯಬಹುದಾಗಿತ್ತು. ಅನುಭವಮಂಟಪವು ಒಂದು ಕಟ್ಟಡವಾಗಿತ್ತೇ ಅಥವಾ ಶರಣರ ಕೂಟಕ್ಕೆ ಬಂದ ಹೆಸರೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಗೋಷ್ಠಿ ನಡೆಯುತ್ತಿದ್ದಿತೆಂಬುದಕ್ಕೆ ವಚನಗಳೇ ಸಾಕ್ಷಿ. ಒಬ್ಬರ ವಚನದಲ್ಲಿ ಮತ್ತೊಬ್ಬರ ಹೆಸರು, ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಉತ್ತರ, ಹೀಗೆ ಅವು ಒಂದನ್ನೊಂದು ಕೈಹಿಡಿದಿವೆ.

ಈ ಪರೀಕ್ಷೆಯು ಮೃದುವಾಗಿದ್ದಿತೆಂದು ಭಾವಿಸಲಾಗದು. ಅಕ್ಕಮಹಾದೇವಿಯವರು ಉಡುತಡಿಯನ್ನು ಬಿಟ್ಟು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವರನ್ನು ಕೂಡಲೆ ಆದರಿಸಲಿಲ್ಲ. ನಿನ್ನ ಪತಿ ಯಾರೆಂದು ಕೇಳಿದರು. ಉಡುಗೆಯನ್ನು ತೊರೆದವಳು ಕೂದಲಿನಿಂದ ದೇಹವನ್ನೇಕೆ ಮರೆಮಾಡಿರುವೆ ಎಂದು ಎಲ್ಲರ ಮುಂದೆ ಕೇಳಿದರು. ತರುಣಿಯೊಬ್ಬಳನ್ನು ತುಂಬಿದ ಸಭೆಯಲ್ಲಿ ಹೀಗೆ ಕೇಳಬಹುದೇ ಎಂದು ಇಂದಿನ ವಾಚಕರಿಗೆ ತೋರುವುದು ಸಹಜ. ಅಕ್ಕನವರು ಒಂದೊಂದಕ್ಕೂ ವಚನದಲ್ಲಿಯೇ ಉತ್ತರಕೊಟ್ಟರು. ಯಾರ ರಕ್ಷಣೆಯೂ ಇಲ್ಲದೆ ಬಂದ ಆ ತರುಣಿಗೆ ಅಲ್ಲಿ ಇದ್ದ ಆಸರೆಯೆಂದರೆ ತನ್ನ ನುಡಿಯೊಂದೇ. ಆ ಸಭೆಯ ಹಿರಿಯರೂ ಅವರನ್ನು ‘ಅಕ್ಕ’ ಎಂದು ಕರೆದು ಗೌರವಿಸಿದರು. ಮುಂದೆ ಅವರು ಶ್ರೀಶೈಲದ ಕದಳಿಯತ್ತ ನಡೆದರು. ಕೌಶಿಕನೊಡನೆ ಅವರ ವಿವಾಹವು ನಡೆಯಿತೋ ಇಲ್ಲವೋ ಎಂಬ ವಿಷಯದಲ್ಲಿ ಹರಿಹರನ ರಗಳೆಗೂ ಅನಂತರದ ಗ್ರಂಥಗಳಿಗೂ ಹೊಂದಿಕೆಯಿಲ್ಲ. ಆ ಚರ್ಚೆಯನ್ನು ಇಲ್ಲಿ ಬೆಳೆಸುವ ಕಾರಣವಿಲ್ಲ.

ಮುಕ್ತಾಯಕ್ಕನವರ ಸಂಗತಿಯು ಬೇರೆ ವಿಧವಾದುದು. ಅವರ ಅಣ್ಣ ಅಜಗಣ್ಣನವರು ತಮ್ಮ ಭಕ್ತಿಯನ್ನು ಲೋಕಕ್ಕೆ ತೋರಗೊಡದೆ ಗುಪ್ತವಾಗಿ ಸಾಧಿಸಿದವರು. ಮುಕ್ತಾಯಕ್ಕನವರಿಗೆ ಅಣ್ಣನೇ ಗುರು. ಅವರು ಅಕಸ್ಮಾತ್ತಾಗಿ ದೇಹವನ್ನು ಬಿಟ್ಟಾಗ ತಂಗಿಯು ದುಃಖದಲ್ಲಿ ಮುಳುಗಿದ್ದಳು; ಆ ಹೊತ್ತಿಗೆ ಪ್ರಭುದೇವರು ಅಲ್ಲಿಗೆ ಬಂದರು. ಬಂದವರು ಮಹಾಜ್ಞಾನಿಗಳೆಂದು ಮುಕ್ತಾಯಕ್ಕನವರು ತಲೆಬಾಗಿ ಸುಮ್ಮನಾಗಲಿಲ್ಲ. ನಿಜವನ್ನು ಅರಿತವರಿಗೆ ಮಾತಿನ ಹಂಗೇಕೆ, ಅಣ್ಣನು ಮೌನದಲ್ಲಿಯೇ ಇದ್ದನಲ್ಲ, ನೀವೇಕೆ ಇಷ್ಟು ನುಡಿಯುತ್ತೀರಿ ಎಂಬ ಭಾವದಿಂದ ಅವರನ್ನೇ ಪ್ರಶ್ನಿಸಿದರು. ನುಡಿಯ ಪ್ರಯೋಜನವನ್ನೇ ಸಂಶಯಿಸುವ ಈ ಪ್ರಶ್ನೆಯನ್ನು ಅವರು ಕೇಳಿದುದು ನುಡಿಯಲ್ಲಿಯೇ ಎಂಬುದನ್ನು ಮರೆಯಲಾಗದು. ವಾದವು ಬೆಳೆಯಿತು, ದುಃಖವು ಪ್ರಶ್ನೆಯಾಯಿತು, ಪ್ರಶ್ನೆಯು ತಿಳಿವಾಯಿತು. ಅವರ ಅಂಕಿತ ‘ಅಜಗಣ್ಣ ತಂದೆ’. ತನ್ನ ಸಾಧನೆಯನ್ನು ಯಾರಿಗೂ ಹೇಳದೆ ಹೋದವನ ಹೆಸರು ತಂಗಿಯ ವಚನಗಳಿಂದ ಲೋಕಕ್ಕೆ ತಿಳಿಯಿತು.

ಈ ಪ್ರಸಂಗಗಳನ್ನು ಓದುವಾಗ ಚರಿತ್ರೆಯ ದೃಷ್ಟಿಯಿಂದ ಎಚ್ಚರಿಕೆಯೂ ಅವಶ್ಯ. ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದವರು. ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅನಂತರದವರು. ಬಿಡಿಬಿಡಿಯಾಗಿದ್ದ ವಚನಗಳನ್ನು ಅವರು ಸಂಭಾಷಣೆಯ ರೂಪದಲ್ಲಿ ಜೋಡಿಸಿದರು. ಆದುದರಿಂದ ಪ್ರಶ್ನೋತ್ತರಗಳ ಕ್ರಮವು ಸಂಪಾದಕರದು, ನುಡಿಗಳು ಶರಣರವು ಎಂದು ಗ್ರಹಿಸುವುದು ಯುಕ್ತ.

ಆ ನುಡಿಗಳು ಉಳಿದುದಾದರೂ ಸುಲಭವಾಗಿ ಅಲ್ಲ. ಕಲ್ಯಾಣದಲ್ಲಿದ್ದಾಗ ವಚನಗಳನ್ನು ಕಾಯ್ದಿಟ್ಟವರಲ್ಲಿ ಶಾಂತರಸರು ಮುಖ್ಯರು. ಅವರಿಗೆ ವಚನಭಂಡಾರಿ ಎಂದೇ ಹೆಸರು. ಬರೆಹಗಳ ಭಂಡಾರವನ್ನು ಕಾಯುತ್ತಿದ್ದ ಆ ಶರಣರ ಅಂಕಿತದಲ್ಲಿ ಬರೆಯಲಾಗದವನೆಂಬ ಅರ್ಥದ ‘ಅಲೇಖ’ ಎಂಬ ಮಾತಿರುವುದು ಎಷ್ಟು ಸ್ವಾರಸ್ಯವಾದುದು! ಬಿಜ್ಜಳನ ಆಳ್ವಿಕೆಯ ಕೊನೆಯಲ್ಲಿ, 1167ರ ಸುಮಾರಿಗೆ, ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚೆದರಿದರು. ಚೆನ್ನಬಸವಣ್ಣನವರ ತಂಡವು ವಚನದ ಕಟ್ಟುಗಳನ್ನು ಉಳವಿಯ ಕಡೆಗೆ ಒಯ್ದಿತೆಂಬ ಪ್ರತೀತಿಯುಂಟು. ಮುಂದೆ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣದಂಡೇಶನಂಥ ಅಧಿಕಾರಿಗಳೂ ವಿರಕ್ತರೂ ಈ ಸಾಹಿತ್ಯದ ಸಂಗ್ರಹಕ್ಕೆ ತೊಡಗಿದರು. ಅಲ್ಲಿಂದೀಚೆಗೆ ಮಠಮಠಗಳಲ್ಲಿ ಓಲೆಗರಿಯ ಮೇಲೆ ಕಂಟದಿಂದ ಕೊರೆದು, ಕಪ್ಪು ಸವರಿ, ಹುಳು ಹಿಡಿದ ಗರಿಯನ್ನು ಹೊಸ ಗರಿಗೆ ಇಳಿಸಿದ ಲಿಪಿಕಾರರ ಹೆಸರುಗಳು ಬಹುಪಾಲು ನಮಗೆ ತಿಳಿಯವು. ಅವರಲ್ಲಿ ಒಬ್ಬನು ಒಂದು ಗರಿಯನ್ನು ಬೇಸರದಿಂದ ಬಿಟ್ಟಿದ್ದರೂ, ಒಂದೇ ವಚನದಿಂದ ಉಳಿದಿರುವ ಶರಣೆಯು ಇಲ್ಲವಾಗುತ್ತಿದ್ದಳು.

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ, ಮಠಮಠಗಳ ಓಲೆಗರಿಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಆರಂಭಿಸಿದರು. ಗೋಷ್ಠಿಯಲ್ಲಿ ಹತ್ತು ಜನ ಕೇಳಿದ ನುಡಿಯನ್ನು ಅಚ್ಚಿನ ಮೂಲಕ ಸಾವಿರ ಜನ ಕೇಳುವಂತಾಯಿತು. 1993ರಲ್ಲಿ ಕರ್ನಾಟಕ ಸರ್ಕಾರವು ದೊರೆತ ವಚನಗಳೆಲ್ಲವನ್ನೂ 15 ಸಂಪುಟಗಳಲ್ಲಿ ಹೊರತಂದಾಗ ಶಿವಶರಣೆಯರಿಗಾಗಿ ಒಂದು ಸಂಪುಟವನ್ನೇ ಮೀಸಲಿಡಬೇಕಾಯಿತು. ಮೂವತ್ತಕ್ಕೂ ಮಿಕ್ಕ ಶರಣೆಯರ ವಚನಗಳು ಅದರಲ್ಲಿ ಒಟ್ಟಿಗೆ ಬಂದುವು. ನೂರಾರು ವಚನಗಳ ಅಕ್ಕಮಹಾದೇವಿಯವರೊಡನೆ ಅದೇ ಸಂಪುಟದಲ್ಲಿ ಸಂಕವ್ವೆಯವರ ಒಂದು ವಚನವೂ, ಅದರ ಕೊನೆಯಲ್ಲಿ ಅವರೇ ಆರಿಸಿಕೊಂಡ ಆ ಅಂಕಿತವೂ ಅಚ್ಚಾಗಿವೆ.